ಸಂಪು, ಪ್ಲೇಟು, ಹಾಲ್: ಒಂದು ತಮಟೆ ಟ್ರ್ಯಾಕಿಗೆ ಯಾವ ರಿವರ್ಬ್, ಎಷ್ಟು ಸ್ಟೀರಿಯೊ?

ಕೋಲಾರ, ಮುಳಬಾಗಿಲು ಕಡೆ ಮಾಡಿದ ಎಲೆಕ್ಟ್ರಾನಿಕ್ ಟ್ರ್ಯಾಕ್ ಕೊನೆಗೆ ಮೊಳಗುವುದು ಗಣೇಶನ ಮೆರವಣಿಗೆಯ ಲಾರಿ ಮೇಲೆ, ಕಲ್ಯಾಣ ಮಂಟಪದಲ್ಲಿ, ಇಲ್ಲವೇ ಫೋನಿನ ಸ್ಪೀಕರಿನಲ್ಲಿ. ಈ ಮೂರೂ ಕಡೆ ಎಡ-ಬಲ ಎನ್ನುವುದು ಬಹುಮಟ್ಟಿಗೆ ಇಲ್ಲವೇ ಇಲ್ಲ, ಎರಡು ಚಾನೆಲ್ಲೂ ಕೂಡಿ ಒಂದಾಗಿ ಬರುತ್ತವೆ. ಅದಕ್ಕೇ ಇಲ್ಲಿ ಹೆಡ್‌ಫೋನಿನ ಸೊಗಸಿಗಿಂತ ಮೋನೋದಲ್ಲಿ, ಅಂದರೆ ಹೀಗೆ ಒಂದಾದಾಗ, ಏನು ಉಳಿಯುತ್ತದೆ ಎಂಬುದಕ್ಕೆ ಹೆಚ್ಚು ಅಂಕ.

ಟ್ರ್ಯಾಕ್ 128 ಬಿಪಿಎಂ, ಅಂದರೆ ನಿಮಿಷಕ್ಕೆ 128 ಬೀಟ್. ಕಿಕ್ (ಡ್ರಮ್ಮಿನ ದಪ್ಪ ಏಟು), ಸಬ್ ಬೇಸ್ (ತೀರ ಕೆಳಗಿನ ಸ್ವರ), ಸಾ ವೇವ್ ಲೀಡ್ (ಮುಖ್ಯ ರಾಗದ ಸಿಂತ್), ಜೊತೆಗೊಂದು ತಮಟೆ ಲೂಪ್. ತಮಟೆ ಈ ಸೀಮೆಯದೇ ವಾದ್ಯ. 2023ರಲ್ಲಿ ಪದ್ಮಶ್ರೀ ಪಡೆದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯವರು. ತಮಟೆಯ ಏಟು ಚುರುಕಾದ್ದರಿಂದ ರಿವರ್ಬಿನ (ಗೋಡೆಗಳಿಗೆ ಬಡಿದು ಉಳಿಯುವ ಅನುರಣನದ) ತಪ್ಪು ಅದರಲ್ಲೇ ಮೊದಲು ಸಿಕ್ಕಿಬೀಳುತ್ತದೆ. ಕೆಲಸ ರೀಪರ್ ಎಂಬ ಸಂಗೀತ ಸಾಫ್ಟ್‌ವೇರಿನಲ್ಲಿ. ಹೋಲಿಸುವ ರಿವರ್ಬ್ ಮೂರು: ಉಚಿತವಾಗಿ ಸಿಗುವ ಡ್ರಾಗನ್‌ಫ್ಲೈ ಪ್ಲೇಟ್, ಡ್ರಾಗನ್‌ಫ್ಲೈ ಹಾಲ್, ಮತ್ತು ರೀಪರಿನದೇ ರಿಯಾವರ್ಬ್‌ನಲ್ಲಿ (ಜಾಗವೊಂದರ ಪ್ರತಿಧ್ವನಿಯ ರೆಕಾರ್ಡಿಂಗನ್ನೇ ರಿವರ್ಬ್ ಆಗಿಸುವ ಪ್ಲಗಿನ್) ಖಾಲಿ ಸಂಪಿನ ರೆಕಾರ್ಡಿಂಗ್. ಮೂರನ್ನೂ ಸೆಂಡ್ (ಶಬ್ದದ ನಕಲನ್ನು ಬೇರೆ ಟ್ರ್ಯಾಕಿಗೆ ಕಳಿಸುವ ದಾರಿ) ಮೇಲೆ ಹಾಕಿ, ಡ್ರೈ (ರಿವರ್ಬಿಲ್ಲದ ಮೂಲ ಶಬ್ದದ) ಸ್ಲೈಡರ್ ಪೂರ್ತಿ ಕೆಳಗೆ ಇಳಿಸಬೇಕು. ಇಳಿಸದಿದ್ದರೆ ಮೂಲ ಶಬ್ದ ಎರಡೆರಡು ಸಲ ಬಂದು ಲೆವೆಲ್ ಏರುತ್ತದೆ, ರಿವರ್ಬೇ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಮೂರೂ ರಿಟರ್ನ್‌ಗಳನ್ನು (ಅಲ್ಲಿಂದ ವಾಪಸ್ ಬರುವ ರಿವರ್ಬ್ ಸದ್ದನ್ನು) ಒಂದೇ ಲೌಡ್‌ನೆಸ್‌ಗೆ ತಂದಮೇಲೆಯೇ ಹೋಲಿಕೆ; ಜೋರಾಗಿರುವುದು ಕಿವಿಗೆ ಯಾವಾಗಲೂ ಚೆಂದವೇ.

ಪ್ರಿ-ಡಿಲೇಗೆ (ಏಟಿಗೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಬಿಡುವಿಗೆ) ಅಂದಾಜು ಬೇಡ, ಲೆಕ್ಕ ಇದೆ. 60000 ಭಾಗಿಸು 128, ಅಂದರೆ ಒಂದು ಬೀಟಿಗೆ 468.75 ಮಿಲಿಸೆಕೆಂಡ್. ಅದನ್ನು 32ರಿಂದ ಭಾಗಿಸಿದರೆ 14.6, ಇದು ತಮಟೆಗೆ. 16ರಿಂದ ಭಾಗಿಸಿದರೆ 29.3, ಇದು ಲೀಡ್‌ಗೆ. ಪ್ರಿ-ಡಿಲೇ ಸೊನ್ನೆ ಬಿಟ್ಟರೆ ತಮಟೆಯ ಏಟಿನ ಮೇಲೇ ರಿವರ್ಬಿನ ಬಾಲ ಕೂತು ಕಡ್ಡಿಯ ಸದ್ದು ಮೊಂಡಾಗುತ್ತದೆ.

ಪ್ಲೇಟ್ ಮೊದಲ ಕ್ಷಣದಿಂದಲೇ ದಟ್ಟ. ಇದಕ್ಕೆ ಮೂಲ ಮಾದರಿ 1957ರ ಇಎಂಟಿ 140, ತೂಗುಹಾಕಿದ ತೆಳ್ಳನೆಯ ಉಕ್ಕಿನ ಹಾಳೆ. ಉಕ್ಕಿನಲ್ಲಿ ಹೈ ಫ್ರೀಕ್ವೆನ್ಸಿಯ ಅಲೆ ಲೋ ಅಲೆಗಿಂತ ಬೇಗ ಓಡುತ್ತದೆ, ಆ ಹೊಳಪು ಬರುವುದು ಅದರಿಂದ. ಡಿಕೇ (ಬಾಲ ಅಡಗುವ ಹೊತ್ತು) 0.7 ಸೆಕೆಂಡ್, ಸೆಂಡ್ ಮೇಲೆ 250 ಹರ್ಟ್ಸ್ ಹೈಪಾಸ್ (ಅದರ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಇಟ್ಟರೆ ತಮಟೆ ಮುಂದೆಯೇ ನಿಲ್ಲುತ್ತದೆ, ಸುತ್ತ ಗಾಳಿಯೂ ಆಡುತ್ತದೆ. ಡಿಕೇ 1.2 ದಾಟಿತೆಂದರೆ ಹೈ ಹ್ಯಾಟಿನ ಜೊತೆ ಸೇರಿ ಎಣ್ಣೆಗೆ ನೀರು ಬಿದ್ದಂತೆ ಚುರ್ರೆನ್ನುತ್ತದೆ. ಹೈ ಕಟ್ 8 ಕಿಲೋಹರ್ಟ್ಸ್‌ಗೆ ಇಳಿಸಿದರೆ ಸರಿಹೋಗುತ್ತದೆ.

ಹಾಲ್, ಅಂದರೆ ದೊಡ್ಡ ಸಭಾಂಗಣದ ಮಾದರಿ, ತಮಟೆಗೆ ಸಲ್ಲ. ಲೀಡ್‌ಗೆ ಮಾತ್ರ, ಅದೂ 1.4 ಸೆಕೆಂಡ್, ಸೆಂಡ್ ಮೇಲೆ 600 ಹರ್ಟ್ಸ್ ಹೈಪಾಸ್ ಹಾಕಿ.

ಸಂಪಿನ ಕಥೆ ಬೇರೆ. ಕೋಲಾರದಲ್ಲಿ ಸಂಪಿಲ್ಲದ ಮನೆ ಕಡಿಮೆ, ಟ್ಯಾಂಕರ್ ಬರುವ ಹಿಂದಿನ ದಿನ ಅದು ಹೇಗೂ ಖಾಲಿ. 8×6×6 ಅಡಿಯ ಸಿಮೆಂಟ್ ಸಂಪು ಎಂದರೆ ಸುಮಾರು 8 ಘನ ಮೀಟರ್. ಗೋಡೆ ಹೀರುವುದು ಶೇಕಡ 2-3 ಅಷ್ಟೇ ಎಂದಿಟ್ಟುಕೊಂಡರೆ, ಸಬೀನ್ ಸೂತ್ರದಂತೆ (ಜಾಗದ ಅಳತೆಯಿಂದ ಬಾಲದ ಉದ್ದ ಹೇಳುವ ಲೆಕ್ಕ) ಮುಚ್ಚಳ ಮುಚ್ಚಿದಾಗ ಬಾಲ 2 ಸೆಕೆಂಡಿನ ಆಸುಪಾಸು. 2×2 ಅಡಿಯ ಮುಚ್ಚಳ ತೆಗೆದರೆ 1.3ರ ಆಸುಪಾಸು, ಏಕೆಂದರೆ ಆ ಬಾಯಿಂದ ಹೊರಬಿದ್ದ ಶಬ್ದ ವಾಪಸ್ ಬರುವುದಿಲ್ಲ. ಮುಚ್ಚಳವೇ ಡಿಕೇ ನಾಬ್!

ಒಳಗೆ ಯಾರೂ ಇಳಿಯಬಾರದು. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇದೆಯೆಂಬ ಖಾತ್ರಿ ಇಲ್ಲ. ರೆಕಾರ್ಡರನ್ನು ಹಗ್ಗಕ್ಕೆ ಕಟ್ಟಿ ನಡುಮಟ್ಟಕ್ಕೆ ಇಳಿಬಿಟ್ಟು, ಬಾಯಿಯ ಬಳಿ ಬಲೂನು ಒಡೆಯಿರಿ. ಆಟೋ ಗೇನ್ (ಲೆವೆಲನ್ನು ತಾನೇ ಏರಿಳಿಸುವುದು) ಆಫ್ ಇರಲಿ. ಫೋನಿನಲ್ಲಿ ಮಾಡಿದರೆ ಅದರ ನಾಯ್ಸ್ ರಿಡಕ್ಷನ್ ಬಾಲವನ್ನೇ ಗದ್ದಲವೆಂದು ತಿಳಿದು ಕತ್ತರಿಸುತ್ತದೆ, ಸಂಪು ಬಚ್ಚಲಮನೆಯಾಗುತ್ತದೆ. ರೆಕಾರ್ಡಿಂಗ್ ಸ್ಟೀರಿಯೊ ಆಗಿರಲೇಬೇಕು. ಮೋನೋ ಫೈಲ್ ಹಾಕಿದರೆ ರಿವರ್ಬ್ ಪೂರ್ತಿ ನಟ್ಟನಡುವೆ ಮೊಳೆ ಹೊಡೆದಂತೆ ಕೂರುತ್ತದೆ. ಫೈಲಿನ ಮೊದಲಿನ ಮೌನವನ್ನು ಕತ್ತರಿಸಿ. ಮೈಕಿಗೂ ಬಲೂನಿಗೂ ನಡುವಿನ ಪ್ರತಿ ಮೀಟರಿಗೆ 2.9 ಮಿಲಿಸೆಕೆಂಡ್ ತಾನಾಗಿ ಸೇರಿಕೊಂಡಿರುತ್ತದೆ, ಮೇಲಿನ ಪ್ರಿ-ಡಿಲೇ ಲೆಕ್ಕ ಅದರಿಂದ ಕೆಡುತ್ತದೆ.

ಫಲಿತಾಂಶ? ತಮಟೆಗೆ ಇದೇ ಮೇಲು. ಪ್ಲೇಟಿನಲ್ಲಿ ಇಲ್ಲದ ಒರಟು ಇದರಲ್ಲಿದೆ, ತಮಟೆ ಬೀದಿಯಲ್ಲೇ ಬಡಿದಂತಿರುತ್ತದೆ. ದೋಷ ಒಂದೇ: 8 ಅಡಿಯ ಗೋಡೆಗಳ ನಡುವೆ 70 ಹರ್ಟ್ಸ್, 6 ಅಡಿಯ ನಡುವೆ 94 ಹರ್ಟ್ಸ್ ಸುಮಾರಿಗೆ ಗುಂಯ್ ಎನ್ನುತ್ತದೆ, ಕಿಕ್ ಇರುವ ಜಾಗವೇ ಅದು. ಸೆಂಡ್ ಮೇಲೆ 250 ಹೈಪಾಸ್ ಹಾಕದೆ ಬಳಸುವಂತಿಲ್ಲ. ಲೀಡ್‌ಗೆ ಹಾಕಿದರೆ ಮಾತ್ರ ಸೋಲುತ್ತದೆ: ಕಾನ್ವಲ್ಯೂಷನ್‌ನಲ್ಲಿ (ಹೀಗೆ ರೆಕಾರ್ಡಿಂಗಿನಿಂದ ಮಾಡುವ ರಿವರ್ಬಿನಲ್ಲಿ) ಮಾಡ್ಯುಲೇಷನ್, ಅಂದರೆ ಬಾಲದ ಸಣ್ಣ ಅಲುಗಾಟ, ಇಲ್ಲದ್ದರಿಂದ ಉದ್ದ ಸ್ವರ ಒಂದೇ ಕಡೆ ನಿಂತು ತಗಡಿನಂತೆ ಕೇಳಿಸುತ್ತದೆ.

ಇನ್ನು ಸ್ಟೀರಿಯೊ ಅಗಲ. ಮೊದಲು ಹಾಸ್ ತಂತ್ರ, ಬಲ ಚಾನೆಲ್ಲಿಗೆ 12 ಮಿಲಿಸೆಕೆಂಡ್ ಡಿಲೇ. ಹೆಡ್‌ಫೋನಿನಲ್ಲಿ ತಮಟೆ ಗೋಡೆಯಿಂದ ಗೋಡೆಗೆ ಹರಡುತ್ತದೆ. ಮೋನೋ ಬಟನ್ ಒತ್ತಿ ನೋಡಿ: 41.7, 125, 208 ಹರ್ಟ್ಸ್, ಹೀಗೆ ಪ್ರತಿ 83 ಹರ್ಟ್ಸಿಗೊಂದು ಸದ್ದು ಮಾಯವಾಗುವ ಗುಂಡಿ. ಚರ್ಮದ ಸದ್ದೆಲ್ಲ ಹೋಗಿ ಡಬ್ಬ ಬಡಿದಂತೆ ಉಳಿಯುತ್ತದೆ. ಮೆರವಣಿಗೆಗೆ ಹೋಗುವ ಟ್ರ್ಯಾಕಿಗೆ ಇದು ನಿಷಿದ್ಧ.

ಮಿಡ್-ಸೈಡ್‌ನಲ್ಲಿ (ಎರಡೂ ಚಾನೆಲ್ಲಿಗೆ ಸಮಾನವಾದದ್ದು ಮಿಡ್, ಅವುಗಳ ವ್ಯತ್ಯಾಸ ಸೈಡ್) ಸೈಡ್ ಏರಿಸುವುದು ಇದಕ್ಕಿಂತ ವಾಸಿ, ಆದರೆ ಮೋನೋ ಸ್ಯಾಂಪಲ್ ಮೇಲೆ ಏನೂ ಆಗುವುದಿಲ್ಲ. ಸೈಡ್‌ನಲ್ಲಿ ಸೊನ್ನೆಯೇ ಇದ್ದರೆ ಏರಿಸುವುದೇನನ್ನು? ರಿವರ್ಬ್ ರಿಟರ್ನ್ ಮೇಲೆ ಸೈಡ್ 6 ಡಿಬಿ ಏರಿಸುವವರೂ ಇದ್ದಾರೆ. ಮೋನೋದಲ್ಲಿ ಸೈಡ್ ಪೂರ್ತಿ ಮಾಯವಾಗುವುದರಿಂದ, ಸ್ಟುಡಿಯೋದಲ್ಲಿ ತೇಲುತ್ತಿದ್ದ ಲೀಡ್ ಫೋನಿನಲ್ಲಿ ಒಣಗಿ ನಿಲ್ಲುತ್ತದೆ.

ಪಾಲಿವರ್ಸ್‌ನ ಉಚಿತ ವೈಡರ್ ಎಂಬ ಅಗಲಿಸುವ ಪ್ಲಗಿನ್ ಈ ತೊಂದರೆಯಿಲ್ಲದ್ದು. ಅದು ಸೇರಿಸುವುದೆಲ್ಲ ಮೋನೋದಲ್ಲಿ ತಾನೇ ರದ್ದಾಗಿ ಮೂಲ ಲೀಡ್ ಹಾಗೇ ಉಳಿಯುತ್ತದೆ. ಅರ್ಧಕ್ಕಿಂತ ಮೇಲೆ ತಿರುಗಿಸಿದರೆ ಹೆಡ್‌ಫೋನಿನಲ್ಲಿ ನಡುಭಾಗ ಟೊಳ್ಳಾಗುತ್ತದೆ, ಅಷ್ಟೇ.

ಎಲ್ಲಕ್ಕಿಂತ ಗಟ್ಟಿ ಹಳೆಯ ದಾರಿಯೇ: ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ನುಡಿಸಿದ ತಮಟೆ. ಎರಡು ಏಟುಗಳು ಎಂದೂ ಪಡಿಯಚ್ಚಲ್ಲ, ಹಾಗಾಗಿ ಮೋನೋದಲ್ಲಿ ಗುಂಡಿ ಬೀಳುವುದಿಲ್ಲ. ಲೀಡ್‌ಗೆ ಎರಡು ಸಿಂತ್, ಒಂದು +7 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್), ಇನ್ನೊಂದು -7. ಮೋನೋದಲ್ಲಿ 440 ಹರ್ಟ್ಸ್ ಸ್ವರ ಸೆಕೆಂಡಿಗೆ ಮೂರೂವರೆ ಸಲ ಅಲುಗುತ್ತದೆ, ಕಿವಿಗೆ ಅದು ಕೋರಸ್‌ನಂತೆ, ತಪ್ಪಿನಂತಲ್ಲ. 120 ಹರ್ಟ್ಸ್ ಕೆಳಗಿನದ್ದೆಲ್ಲ ಮಾತ್ರ ಮೋನೋ. ಕಿಕ್, ಸಬ್ ಎರಡಕ್ಕೂ ರಿವರ್ಬ್ ಬೇಡ.

ಟ್ರ್ಯಾಕ್ ಕಲ್ಯಾಣ ಮಂಟಪಕ್ಕೆ ಹೋಗುವುದಿದ್ದರೆ ಇನ್ನೊಂದು ಬೌನ್ಸ್ (ಮುಗಿದ ಟ್ರ್ಯಾಕಿನ ಫೈಲ್) ತೆಗೆದಿಟ್ಟುಕೊಳ್ಳಿ. ಮಾರ್ಬಲ್ ನೆಲ, ಬರಿಯ ಗೋಡೆ, ಖಾಲಿ ಕುರ್ಚಿಗಳ ಆ ಜಾಗ ತಾನೇ ದೊಡ್ಡ ಸಂಪು. ಅಲ್ಲಿಗೆ ಲೀಡಿನ 1.4 ಅನ್ನು 0.6ಕ್ಕೆ ಇಳಿಸಿ, ತಮಟೆಯ ಸೆಂಡ್ ಪೂರ್ತಿ ಮುಚ್ಚಿ.