ಇನ್‌ಕಂಟ್ರೋಲ್: ವಿಂಡೋಸ್ 11 ತಾನಾಗಿ ಒಳಬರದಂತೆ ಒಂದು ಚಿಲಕ

ವಿಂಡೋಸ್ 10 ಕಂಪ್ಯೂಟರ್ ತಾನಾಗಿ ವಿಂಡೋಸ್ 11ಕ್ಕೆ ಏರದಂತೆ ತಡೆಯುವ ಪುಟ್ಟ ಪ್ರೋಗ್ರಾಂ, ಗಿಬ್ಸನ್ ರಿಸರ್ಚ್‌ನವರ ಇನ್‌ಕಂಟ್ರೋಲ್. ಅದು ಉಚಿತ, ಇನ್‌ಸ್ಟಾಲ್ ಮಾಡುವ ರಗಳೆಯೂ ಇಲ್ಲ. ಫೈಲ್ ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿ ಅಡ್ಮಿನ್ ಅನುಮತಿ ಕೊಟ್ಟರೆ ಪುಟ್ಟ ವಿಂಡೋ ತೆರೆಯುತ್ತದೆ. ಅದರಲ್ಲಿ ಎರಡೇ ಖಾನೆ: ವರ್ಷನ್ 10, ರಿಲೀಸ್ 22ಎಚ್2 (ವಿಂಡೋಸ್ 10ರ ಕೊನೆಯ ಆವೃತ್ತಿಯ ಹೆಸರು). 'ಟೇಕ್ ಕಂಟ್ರೋಲ್' ಒತ್ತಿದರೆ ಮುಗಿಯಿತು. ಮನಸ್ಸು ಬದಲಾದರೆ ಅಲ್ಲೇ 'ರಿಲೀಸ್ ಕಂಟ್ರೋಲ್' ಇದೆ.

ಒಳಗೆ ನಡೆಯುವುದು ಮಂತ್ರವೇನಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ವಿಂಡೋಸ್ ಅಪ್‌ಡೇಟ್ ಪಾಲಿಸಿ ಕೀಯಲ್ಲಿ ಮುಖ್ಯವಾಗಿ ಮೂರು ಮೌಲ್ಯಗಳು ಕೂರುತ್ತವೆ: ಟಾರ್ಗೆಟ್‌ರಿಲೀಸ್‌ವರ್ಷನ್ 1, ಟಾರ್ಗೆಟ್‌ರಿಲೀಸ್‌ವರ್ಷನ್‌ಇನ್ಫೋ 22ಎಚ್2, ಪ್ರಾಡಕ್ಟ್‌ವರ್ಷನ್ 'ವಿಂಡೋಸ್ 10'. ಕೈಯಾರೆ ಬರೆಯುವವರು ಕೊನೆಯದನ್ನು ಮರೆಯುತ್ತಾರೆ. 22ಎಚ್2 ಎಂಬ ಹೆಸರು ಹತ್ತಕ್ಕೂ ಇದೆ, ಹನ್ನೊಂದಕ್ಕೂ ಇದೆ. ಯಾವುದರ 22ಎಚ್2 ಎಂದು ಹೇಳುವುದು ಆ ಸಾಲೇ. ಆಮೇಲೆ ಅಪ್‌ಡೇಟ್ ಪುಟದಲ್ಲಿ 'ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂಬರ್ಥದ ಸಾಲು ಕೆಂಪಕ್ಷರದಲ್ಲಿ ಕಂಡರೆ ಗಾಬರಿ ಬೇಡ, ಆ ಸಂಸ್ಥೆ ನೀವೇ.

ಉಳಿದ ಉಪಾಯಗಳಿಗಿಂತ ಇದು ಮೇಲು. ಅಪ್‌ಡೇಟನ್ನು ತಾತ್ಕಾಲಿಕವಾಗಿ ತಡೆಹಿಡಿದರೆ 35 ದಿನಕ್ಕೇ ಆ ತಡೆ ಮುಗಿಯುತ್ತದೆ, ಅಷ್ಟು ದಿನ ಭದ್ರತಾ ಪ್ಯಾಚ್‌ಗಳೂ ನಿಲ್ಲುತ್ತವೆ. ಅಪ್‌ಡೇಟ್ ಸರ್ವಿಸನ್ನೇ ನಿಲ್ಲಿಸಿದರೆ ವಿಂಡೋಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ಬಯೋಸ್‌ನಲ್ಲಿ ಟಿಪಿಎಂ (ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್) ಆಫ್ ಮಾಡುವ ಸಲಹೆಯಂತೂ ಅಪಾಯದ್ದು: ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಮುಂದಿನ ಬೂಟ್‌ನಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದನ್ನು ಬರೆದಿಟ್ಟುಕೊಂಡವರು ಎಷ್ಟು ಜನ?

ಆದರೆ ಇದು ತಡೆಯುವುದು ವಿಂಡೋಸ್ ಅಪ್‌ಡೇಟ್ ಮೂಲಕ ಬರುವ ಅಪ್‌ಗ್ರೇಡನ್ನು ಮಾತ್ರ. ಮನೆಯಲ್ಲಿ ಬೇರೆ ಯಾರಾದರೂ ಮೈಕ್ರೋಸಾಫ್ಟ್‌ನ ಅಪ್‌ಗ್ರೇಡ್ ಪ್ರೋಗ್ರಾಂ ಇನ್‌ಸ್ಟಾಲೇಶನ್ ಅಸಿಸ್ಟೆಂಟ್ ಓಡಿಸಿದರೆ ಚಿಲಕಕ್ಕೆ ಲೆಕ್ಕವಿಲ್ಲ. ಲಾಗಿನ್ ಆದ ಕೂಡಲೇ ಪರದೆ ತುಂಬ ಬರುವ 'ಸೆಟಪ್ ಮುಗಿಸೋಣ' ಎಂಬ ಉಪದೇಶವೂ ಇದರಿಂದ ನಿಲ್ಲುವುದಿಲ್ಲ. ಅದಕ್ಕೆ ಸೆಟ್ಟಿಂಗ್ಸ್, ಸಿಸ್ಟಮ್, ನೋಟಿಫಿಕೇಶನ್ಸ್ ಪುಟಕ್ಕೆ ಹೋಗಿ ವೆಲ್‌ಕಮ್, 'ಸಜೆಸ್ಟ್ ವೇಸ್', 'ಟಿಪ್ಸ್' ಎಂಬ ಮೂರೂ ಟಿಕ್ ತೆಗೆಯಬೇಕು.

ವಿಂಡೋಸ್ 11ರ ಹಳೆಯ ಆವೃತ್ತಿಯಲ್ಲೇ ನಿಲ್ಲಲು ಇದನ್ನು ಬಳಸುವವರಿಗೆ ಇನ್ನೊಂದು ಮಾತು. ಬೀಗ ಹಾಕಿದ ಆವೃತ್ತಿಯ ಬೆಂಬಲ ಮುಗಿದು 60 ದಿನ ಕಳೆದರೆ ಪಾಲಿಸಿ ಇದ್ದರೂ ಅಪ್‌ಡೇಟ್ ಆಗುತ್ತದೆ ಎಂಬುದು ಮೈಕ್ರೋಸಾಫ್ಟ್‌ನದೇ ನಿಯಮ. 23ಎಚ್2ರ ಹೋಮ್ ಮತ್ತು ಪ್ರೊ ಅವಧಿ 2025ರ ನವೆಂಬರ್ 11ಕ್ಕೆ ಮುಗಿದಿದೆ.

ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಚಿಲಕ ಹಾಕಿಕೊಂಡು ಕೂರುವವರು ಇಎಸ್‌ಯುಗೆ, ಅಂದರೆ ಬೆಂಬಲ ಮುಗಿದ ಮೇಲೂ ಭದ್ರತಾ ಪ್ಯಾಚ್ ಕೊಡುವ ಮೈಕ್ರೋಸಾಫ್ಟ್ ಯೋಜನೆಗೆ, ಸೇರಲೇಬೇಕು. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಸಿಂಕ್ ಮಾಡಿದರೆ ಅದು ಉಚಿತ, ಇಲ್ಲವಾದರೆ 1,000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್ ಕೊಟ್ಟೂ ಸೇರಬಹುದು. 22ಎಚ್2 ಇದ್ದರಷ್ಟೇ ಪ್ರವೇಶ. ಪ್ಯಾಚ್‌ಗಳು 2026ರ ಅಕ್ಟೋಬರ್ 13ರವರೆಗೆ ಎಂದು ಮೊದಲು ಪ್ರಕಟಿಸಿದ್ದರು. ಇಎಸ್‌ಯು ಇಲ್ಲದ ಯಂತ್ರಕ್ಕೆ ಈ ಉಪಕರಣ ಹಾಕಿಕೊಡಿ ಎಂದು ನಾನಂತೂ ಹೇಳುವುದಿಲ್ಲ.