ರಾತ್ರಿ ಆಟದ ವಿಡಿಯೋಕ್ಕೆ ಹಳೆಯ ಝೂಮ್ ಲೆನ್ಸ್ ತಗೊಳ್ಳುವವರು ಓದಿ

ಸೆಕೆಂಡ್ ಹ್ಯಾಂಡ್ ಟೆಲಿ ಝೂಮ್ ಲೆನ್ಸ್ ಹುಡುಕುತ್ತಿದ್ದೀರಾ? ಅದರಲ್ಲೂ ಯಕ್ಷಗಾನ, ಕಂಬಳ ಅಂತ ರಾತ್ರಿಯಿಡೀ ವಿಡಿಯೋ ಮಾಡುವವರಾ? ಹಾಗಾದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಮಂಗಳೂರಿನ ಒಂದು ಅಂಗಡಿಯಲ್ಲಿ ನನಗೆ 70-300 ಎಂಎಂ ಲೆನ್ಸ್ ಕೊಟ್ಟು ಮೋಸ ಮಾಡಿದ ಕತೆ ಇದು. ಅಂಗಡಿಯ ಹೆಸರು ಹೇಳುವುದಿಲ್ಲ, ಕೇಳಬೇಡಿ.

"ಫೋಟೋ ಇಷ್ಟು ಶಾರ್ಪ್ ಬರ್ತದಲ್ಲ, ವಿಡಿಯೋಕ್ಕೆ ಇನ್ನೆಂತ ಬೇಕು ಮಾರಾಯ್ರೆ?" ಅಂದಿದ್ದರು ಅಂಗಡಿಯವರು. ಅಲ್ಲೇ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋಗಳು ನಿಜಕ್ಕೂ ಚೆನ್ನಾಗಿದ್ದವು. ಆದರೆ ಫೋಟೋ ನೋಡಿ ವಿಡಿಯೋ ಲೆನ್ಸ್ ಆರಿಸಲು ಆಗುವುದಿಲ್ಲ.

ಉಡುಪಿ ಕಡೆಯ ಒಂದು ಯಕ್ಷಗಾನ ಬಯಲಾಟದಲ್ಲಿ ಅದು ಗೊತ್ತಾಯಿತು. ರಂಗಸ್ಥಳ ಪೂರ್ತಿ ಕಾಣುವಂತೆ 70ರಲ್ಲಿ ಇಟ್ಟಾಗ ಲೆನ್ಸ್ ಎಫ್/4ರಲ್ಲಿತ್ತು (ಈ ನಂಬರ್ ದೊಡ್ಡದಾದಷ್ಟೂ ಲೆನ್ಸಿನ ಒಳಗೆ ಬರುವ ಬೆಳಕು ಕಮ್ಮಿ). ವೇಷದ ಮುಖಕ್ಕೆ ಅಂತ 300ರ ತನಕ ಝೂಮ್ ಮಾಡಿದರೆ ತಾನಾಗಿ ಎಫ್/5.6 ಆಗುತ್ತದೆ. ಅಂದರೆ ಬೆಳಕು ಸರಿಯಾಗಿ ಅರ್ಧ. ಫೋಟೋದಲ್ಲಿ ಇದು ತಿಳಿಯುವುದೇ ಇಲ್ಲ, ಒಂದೊಂದು ಫೋಟೋಕ್ಕೂ ಕ್ಯಾಮೆರಾ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತದೆ. ವಿಡಿಯೋದಲ್ಲಿ ನೋಡನೋಡುತ್ತಲೇ ರಂಗಸ್ಥಳ ಕತ್ತಲಾಗುತ್ತದೆ. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ) ಆಟೋ ಇಟ್ಟರೆ ಬೆಳಕು ಮೆಟ್ಟಿಲು ಹತ್ತಿದ ಹಾಗೆ ಜಿಗಿಯುತ್ತದೆ.

ಹೆಚ್ಚು ಬೆಳಕಿಗೆ ಶಟರ್ ನಿಧಾನ ಮಾಡಿದರೆ ಆಯಿತಲ್ಲ ಅನ್ನಬಹುದು. ಆಗುವುದಿಲ್ಲ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋಕ್ಕೆ ಶಟರ್ 1/50 ಸೆಕೆಂಡ್ ಇಡುವುದು ವಾಡಿಕೆ. ಅದಕ್ಕಿಂತ ಇಳಿಸಿದರೆ ಧಿಗಿಣ ಹೊಡೆಯುವ (ಗಿರಗಿರ ಸುತ್ತಿ ಕುಣಿಯುವ) ವೇಷ ಬರೀ ಮಸುಕುಮಸುಕು. ಏರಿಸುವುದಕ್ಕೂ ಮಿತಿ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅನೇಕ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 1/50 ಅಥವಾ 1/100 ಬಿಟ್ಟು ಆಚೀಚೆ ಹೋದರೆ ಪರದೆಯ ಮೇಲೆ ಪಟ್ಟೆ ಓಡಬಹುದು. ಮೊದಲಿನಿಂದಲೇ ಎಫ್/5.6ರಲ್ಲಿ ಕಟ್ಟಿಹಾಕಿದರೆ ಬೆಳಕು ಬದಲಾಗುವುದಿಲ್ಲ, ಸರಿ. ಆದರೆ ಆಗ ಐಎಸ್‌ಒ ಜಾಸ್ತಿ ಮಾಡಬೇಕು, ಕಪ್ಪು ಜಾಗದಲ್ಲೆಲ್ಲ ಕಾಳುಕಾಳು.

ಇನ್ನೊಂದು ತೊಂದರೆ ಫೋಕಸ್ಸಿನದು. ಮುಖದ ಮೇಲೆ ಫೋಕಸ್ ಮಾಡಿ ಝೂಮ್ ಹಿಂದಕ್ಕೆ ತಂದರೆ ಫೋಕಸ್ ಅಲ್ಲೇ ನಿಲ್ಲಬೇಕು. ಟಿವಿಯವರ ದೊಡ್ಡ ಲೆನ್ಸುಗಳಲ್ಲಿ ನಿಲ್ಲುತ್ತದೆ. ಫೋಟೋಕ್ಕೆ ಅಂತ ಮಾಡಿದ ಹೆಚ್ಚಿನ ಝೂಮ್‌ಗಳಲ್ಲಿ ನಿಲ್ಲುವುದಿಲ್ಲ, ಪ್ರತಿ ಸಲ ಮತ್ತೆ ಹಿಡಿಯಬೇಕು. ಮಹಿಷಾಸುರ ದೊಂದಿ ಹಿಡಿದುಕೊಂಡು ಜನರ ನಡುವಿನಿಂದ ಬರುವ ಹೊತ್ತಿನಲ್ಲಿ ನನಗೆ ಆದದ್ದು ಇದೇ. ಅದರ ಮೇಲೆ ಫೋಕಸ್ ಹತ್ತಿರದಿಂದ ದೂರಕ್ಕೆ ಹೋಗುವಾಗ ಚಿತ್ರದ ಚೌಕಟ್ಟೇ ಹಿಗ್ಗಿ ಕುಗ್ಗುತ್ತಿತ್ತು. ಇದಕ್ಕೆ ಬ್ರೀದಿಂಗ್ ಅನ್ನುತ್ತಾರೆ. ಒಳ್ಳೆಯ ದುಬಾರಿ ಲೆನ್ಸಿನಲ್ಲೂ ಇದು ಇರಬಹುದು: 2009ರ ನಿಕಾನ್ 70-200 ಎಫ್/2.8 ವಿಆರ್ 2 ಫೋಟೋದವರ ಅಚ್ಚುಮೆಚ್ಚು, ಆದರೆ ತೀರ ಹತ್ತಿರ ಫೋಕಸ್ ಮಾಡಿದರೆ 200ರ ಬದಲು 135ರ ಆಸುಪಾಸಿನ ನೋಟ ಕೊಡುತ್ತದೆ. ನನ್ನ ಲೆನ್ಸಿನಲ್ಲಿ ಫೋಕಸ್ ಮೋಟಾರಿನ ಗರಗರ ಸದ್ದೂ ಇತ್ತು. ನಾನು ಧ್ವನಿಯನ್ನು ಮಿಕ್ಸರ್‌ನಿಂದ ತಗೊಳ್ಳುವ ಕಾರಣ ಬಚಾವ್. ಕ್ಯಾಮೆರಾದ ಮೈಕನ್ನೇ ನಂಬಿದವರಿಗೆ ಭಾಗವತರ ಶೃಂಗಾರದ ಪದದ ಹಿಂದೆ ಅದೇ ಕೇಳುತ್ತಿತ್ತು.

ಇದಿಷ್ಟೂ ಲೆನ್ಸಿನ ಜಾತಿಗುಣ ಅನ್ನೋಣ. ಆದರೆ ಮೋಸ ಇದ್ದದ್ದು ಬೇರೆ ಕಡೆ. ರಾಳದ ಹುಡಿ ಎರಚಿ ದೊಂದಿ ಭಗ್ಗನೆ ಎದ್ದಾಗಲೆಲ್ಲ ಇಡೀ ಚಿತ್ರ ಬೆಳ್ಳಗಾಗುತ್ತಿತ್ತು. ಮೇಳದ ಹುಡುಗನೊಬ್ಬ ವಿಡಿಯೋ ನೋಡಿ, "ಎಂತ ಅಣ್ಣ, ವೇಷಕ್ಕೆ ಹಾಲು ಹೊಯ್ದಿದ್ದೀರಾ?" ಅಂದ. ಮನೆಯಲ್ಲಿ ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಬಿಟ್ಟು ನೋಡಿದರೆ ಒಳಗಿನ ಗಾಜಿನ ಮೇಲೆ ಫಂಗಸ್ ಬಲೆ ಕಟ್ಟಿದೆ! ಅಂಗಡಿಯ ಮಾಮೂಲಿ ಬೆಳಕಿನಲ್ಲಿ ಇದು ಕಾಣುವುದೇ ಇಲ್ಲ. ಎದುರಿನಿಂದ ಬೆಳಕು ಬಿದ್ದಾಗ ಮಾತ್ರ ಬಣ್ಣ ಬಯಲು. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಯಾವ ಹಳೆಯ ಲೆನ್ಸಿಗೂ ಈ ಅಪಾಯ ಇದ್ದೇ ಇದೆ. ಗಾಜಿನ ಕೋಟಿಂಗ್ ತಿಂದುಹಾಕಿದ್ದರೆ ಕ್ಲೀನ್ ಮಾಡಿಸಿಯೂ ಪ್ರಯೋಜನ ಇಲ್ಲ.

ವಾಪಸ್ ಕೊಡಲು ಹೋದರೆ ಮೊದಲ ಮಾತು "ಮಾರಿದ ಮೇಲೆ ವಾಪಸ್ ಇಲ್ಲ." 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ 30 ದಿನದ ಒಳಗೆ ದೋಷವಿರುವ ಸಾಮಾನು ವಾಪಸ್ ತಗೊಳ್ಳದಿರುವುದು ಅನುಚಿತ ವ್ಯಾಪಾರ ಪದ್ಧತಿ. ಅದನ್ನು ಹೇಳಿದೆ. ಆಗ ಎರಡನೇ ಮಾತು ಬಂತು: "ಇದು ನಾವು ಕೊಟ್ಟ ಪೀಸೇ ಅಲ್ಲ." ಅವರು ಕೊಟ್ಟ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿಲ್ಲ. ಬರೆದುಕೊಡಿ ಅಂದಾಗ "ಹಳೆ ಸಾಮಾನಿಗೆ ಅದೆಲ್ಲ ಇಲ್ಲ" ಅಂದಿದ್ದವರು ಇವರೇ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದ ಮೇಲೆ ಸ್ವಲ್ಪ ಮೆತ್ತಗಾದರು. ಕೊನೆಗೆ ದೊಡ್ಡ ಮೊತ್ತ ಮುರಿದುಕೊಂಡು ಉಳಿದದ್ದನ್ನು ಕೊಟ್ಟರು. ಸೀರಿಯಲ್ ನಂಬರ್ ಇಲ್ಲದ ಬಿಲ್ ಕೊಡುವ ಕಡೆ ದಯವಿಟ್ಟು ವ್ಯಾಪಾರ ಮಾಡಬೇಡಿ.

ಅಂಗಡಿಗೆ ನಿಮ್ಮದೇ ಕ್ಯಾಮೆರಾ ತಗೊಂಡು ಹೋಗಿ. ಮ್ಯಾನ್ಯುವಲ್‌ನಲ್ಲಿ ಇಟ್ಟು, ರೆಕಾರ್ಡ್ ಮಾಡುತ್ತಲೇ ನಿಧಾನಕ್ಕೆ ಝೂಮ್ ಎಳೆಯಿರಿ. ಅದನ್ನು ಲ್ಯಾಪ್‌ಟಾಪಿನಲ್ಲಿ ನೋಡಿ, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆಂದ. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಆನ್ ಇಟ್ಟು ನೋಡಿ, ಕೆಲವು ಹಳೆಯ ಲೆನ್ಸುಗಳಲ್ಲಿ ಚಿತ್ರ ತಾನಾಗಿ ತೇಲುತ್ತದೆ. ಜಾಹೀರಾತಿನಲ್ಲಿ ಬರೀ 'ಟ್ಯಾಮ್ರಾನ್ 70-180' ಅಂತ ಇದ್ದರೆ ಯಾವುದು ಅಂತ ಕೇಳಿ. 2020ರದ್ದರಲ್ಲಿ ಸ್ಟೆಬಿಲೈಸೇಶನ್ ಇಲ್ಲ, 2023ರ ಜಿ2ನಲ್ಲಿ ಇದೆ. ಬೆಲೆಯಲ್ಲಿ ಕೈಗೆಟುಕಿದರೆ ಪೂರ್ತಿ ಝೂಮ್ ಮಾಡಿದರೂ ಎಫ್/2.8 ಉಳಿಸಿಕೊಳ್ಳುವ ಲೆನ್ಸೇ ಒಳ್ಳೆಯದು, 5.6ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು. ತೂಕವನ್ನೂ ನೋಡಿ: ಸೋನಿಯ ಮೊದಲ 70-200 ಜಿಎಂ 1,480 ಗ್ರಾಂ, ಎರಡನೆಯದು 1,045. ಬೆಳಗಿನ ತನಕ ಆಟ ಇದ್ದರೆ ಅಷ್ಟು ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತದೆ.

ಅಂದ ಹಾಗೆ ಆ ಲೆನ್ಸ್ ಮತ್ತೆ ಮಾರಾಟಕ್ಕೆ ಬಂದಿದೆ. 70-300, ಹುಡ್ಡಿನ ಅಂಚಿನಲ್ಲಿ ಉದ್ದದ ಗೀರು, ಜಾಹೀರಾತಿನಲ್ಲಿ 'ಫಂಗಸ್ ಇಲ್ಲ, ವಿಡಿಯೋಕ್ಕೆ ಬೆಸ್ಟ್' ಅಂತ ಬರೆದಿದ್ದಾರೆ.