ಬೆಕ್ವೇ ಬಂದರಿನಲ್ಲಿ ಕಂಡ ಕಂಡ ಮೂರಿಂಗ್‌ಗೆ ದೋಣಿ ಕಟ್ಟಬೇಡಿ

ಹಾಯಿದೋಣಿ ಬಾಡಿಗೆಗೆ ಹಿಡಿದು ಕೆರಿಬಿಯನ್ ಸುತ್ತೋಣ ಅಂತ ಹೊರಟಿರುವವರು ನಮ್ಮ ಅಮೆರಿಕದ ಗೆಳೆಯರಲ್ಲೇ ಒಂದಿಬ್ಬರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೂರಿಂಗ್ ಅಂದರೆ ಸಮುದ್ರದ ತಳದಲ್ಲಿ ಭಾರಕ್ಕೆ ಹಗ್ಗ ಬಿಗಿದು ಮೇಲೆ ತೇಲುಗುಂಡು ಬಿಟ್ಟಿರುವುದು; ಲಂಗರು ಹಾಕುವ ಬದಲು ದೋಣಿಯನ್ನು ಅದಕ್ಕೆ ಕಟ್ಟುತ್ತಾರೆ.

ನಾನು, ನನ್ನ ಹೆಂಡತಿ, ಜೊತೆಗೆ ಗೆಳೆಯ ಮತ್ತು ಅವನ ಹೆಂಡತಿ. ಜನವರಿ ತಿಂಗಳು. ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದ ದಕ್ಷಿಣ ತುದಿಯಿಂದ ಬೆಕ್ವೇ ಅನ್ನುವ ಪುಟ್ಟ ದ್ವೀಪಕ್ಕೆ ಸುಮಾರು ಒಂಬತ್ತು ನಾಟಿಕಲ್ ಮೈಲಿ, ಅಷ್ಟೇ. ಆದರೆ ನಡುವೆ ಅಲೆ ಜೋರು. ಗೆಳೆಯನ ಹೆಂಡತಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಸುಸ್ತಾಗಿದ್ದರು. ಅಡ್ಮಿರಾಲ್ಟಿ ಕೊಲ್ಲಿಯೊಳಗೆ ನುಗ್ಗಿ, ಪೋರ್ಟ್ ಎಲಿಜಬೆತ್ ಊರಿನ ದೀಪಗಳು ಕಂಡಾಗ ಬೇಗ ಎಲ್ಲಾದರೂ ದೋಣಿ ನಿಲ್ಲಿಸಿದರೆ ಸಾಕಪ್ಪಾ ಅನ್ನಿಸಿತ್ತು.

ಆಗಲೇ ಪುಟ್ಟ ಮರದ ದೋಣಿಯಲ್ಲಿ ಒಬ್ಬ ಬಂದ. 'ಸ್ಕಿಪ್ಪರ್, ಮೂರಿಂಗ್ ಬೇಕಾ? ಗಟ್ಟಿ ಇದೆ, ಆರಾಮಾಗಿ ಮಲಗಿ' ಅಂದ. 60 ಈಸಿ ಡಾಲರ್, ಅಂದರೆ ಅಲ್ಲಿನ ಈಸ್ಟರ್ನ್ ಕೆರಿಬಿಯನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ 2.70 ಲೆಕ್ಕದಲ್ಲಿ 22 ಡಾಲರ್ ಆಯಿತು. ಕಿತ್ತಳೆ ಬಣ್ಣದ ತೇಲುಗುಂಡು, ಅದರ ಮೇಲೆ ಹೊಚ್ಚ ಹೊಸ ನೀಲಿ ಹಗ್ಗದ ಕುಣಿಕೆ. ಅವನೇ ಎತ್ತಿ ಕೊಟ್ಟ, ನಾವು ಕಟ್ಟಿದೆವು. ಅವನ ದೋಣಿಗೆ ಹೆಸರಿತ್ತಾ, ನೋಡಲಿಲ್ಲ. ರಸೀದಿ ಕೇಳಲಿಲ್ಲ. ನೀರಿಗಿಳಿದು ಕೆಳಗೇನಿದೆ ಅಂತಲೂ ನೋಡಲಿಲ್ಲ. ಈ ಮೂರನೆಯದೇ ನಮ್ಮ ದೊಡ್ಡ ತಪ್ಪು.

ರಾತ್ರಿ ಎರಡೂವರೆಗೆ ಹೆಂಡತಿ ಎಬ್ಬಿಸಿದಳು. 'ರೀ, ದೋಣಿ ಯಾಕೋ ಬೇರೆ ಥರ ಅಲ್ಲಾಡ್ತಿದೆ.' ಅವಳು ಹೇಳಿದ್ದು ಸರಿ. ಕಟ್ಟಿದ ದೋಣಿ ಗಾಳಿಗೆ ಮೂತಿ ಕೊಟ್ಟು ನಿಂತಿರುತ್ತದೆ. ಬಿಚ್ಚಿಕೊಂಡದ್ದು ಗಾಳಿಗೆ ಅಡ್ಡಲಾಗಿ ತಿರುಗಿ ಪಕ್ಕದಿಂದ ಪಕ್ಕಕ್ಕೆ ಹೊರಳುತ್ತದೆ. ಮೇಲೆ ಬಂದು ನೋಡಿದರೆ ಊರಿನ ದೀಪಗಳು ದೂರ ಹೋಗಿದ್ದವು. ಅಲ್ಲಿ ಡಿಸೆಂಬರ್, ಜನವರಿಯಲ್ಲಿ ಬೀಸುವ ಗಾಳಿಗೆ ಕ್ರಿಸ್‌ಮಸ್ ಗಾಳಿ ಅಂತಲೇ ಹೆಸರು. ಪೂರ್ವದಿಂದ ಬರುತ್ತದೆ, ಗುಡ್ಡದ ಮೇಲಿಂದ ರಪ್ ಅಂತ ಬಡಿಯುತ್ತದೆ. ಕೊಲ್ಲಿಯ ಬಾಯಿ ಇರುವುದು ಪಶ್ಚಿಮಕ್ಕೆ. ಹಾಗೇ ತೇಲಿಕೊಂಡು ಹೋಗಿದ್ದರೆ ಮುಂದೆ ಸಿಗುವ ನೆಲ ಸಮುದ್ರದ ಆಚೆ ದಡದ ನಿಕರಾಗುವಾ!

ಅದಕ್ಕೆ ಮುಂಚೆ ಸಿಕ್ಕಿದ್ದು ಇನ್ನೊಂದು ಹಾಯಿದೋಣಿ. ಇಂಜಿನ್ ಚಾಲೂ ಮಾಡೋಣ ಅಂದರೆ ತುಂಡಾದ ಹಗ್ಗ ನೀರಲ್ಲಿ ಜೋತಾಡುತ್ತಿದೆ, ಹಿಂದೆ ಡಿಂಗಿಯ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ) ಹಗ್ಗ ಬೇರೆ. ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಕಥೆ ಮುಗಿಯಿತು. ಎರಡನ್ನೂ ಮೇಲಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಧಡ್ ಅಂತ ಸದ್ದು. ಆ ದೋಣಿಯ ಮುದುಕ ಚಡ್ಡಿಯಲ್ಲೇ ಓಡಿಬಂದು ಬರಿಗಾಲಿನಿಂದ ನಮ್ಮ ದೋಣಿಯನ್ನು ತಳ್ಳಿದ. ಪಾಪ, ಒಂದು ಬೈಗುಳವೂ ಬರಲಿಲ್ಲ ಅವನ ಬಾಯಿಂದ.

ಬೆಳಿಗ್ಗೆ ಆ ಹಗ್ಗ ನೋಡಿದೆ. ಮೇಲಿನ ಕುಣಿಕೆ ಮಾತ್ರ ಹೊಸದು. ತೇಲುಗುಂಡಿನ ಕೆಳಗಿನ ಹಗ್ಗಕ್ಕೆ ಪಾಚಿ, ಸಣ್ಣ ಸಣ್ಣ ಚಿಪ್ಪು ಮೆತ್ತಿಕೊಂಡಿದ್ದವು. ತುದಿ ಬಿಡಿಸಿದ ತೆಂಗಿನ ನಾರಿನ ಹಾಗೆ ಕೆದರಿಹೋಗಿತ್ತು. ತಿಂಗಳುಗಟ್ಟಲೆ ಸವೆದು ಸವೆದು ನಮ್ಮ ಪಾಲಿಗೆ ಹರಿದಿತ್ತು.

ದುಡ್ಡು ತಗೊಂಡವನನ್ನು ಹುಡುಕಿದೆವು. ಡಿಂಗಿ ಕಟ್ಟುವ ದಕ್ಕೆಯಲ್ಲಿ ಒಬ್ಬರು ನಕ್ಕು, ಆ ಮೂರಿಂಗ್ ಅವನದ್ದೇ ಅಲ್ಲ ಅಂದರು. ಯಾರೋ ಹಾಕಿದ್ದು, ಯಾರೋ ಬಾಡಿಗೆ ವಸೂಲಿ ಮಾಡುವುದು. ದೋಣಿ ಕೊಟ್ಟ ಕಂಪನಿಯವರು ಕರಾರು ತೋರಿಸಿದರು. ತಾವು ಒಪ್ಪದ ಮೂರಿಂಗ್‌ಗೆ ಕಟ್ಟಿದರೆ ವಿಮೆ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಬಗ್ಗಿದ ಕಂಬಿಗೂ ಗೀರಿಗೂ ಸೇರಿ ಠೇವಣಿಯಲ್ಲಿ 1,400 ಡಾಲರ್ ಮುರಿದುಕೊಂಡರು. ಇದೆಲ್ಲ ಮೊದಲೇ ಬಾಯಿಬಿಟ್ಟು ಹೇಳಬಹುದಿತ್ತು, ಅಲ್ವಾ?

ಊರಿನ ಜನ ಕೆಟ್ಟವರಂತ ಮಾತ್ರ ತಿಳಿಯಬೇಡಿ. ದೋಣಿ ಹತ್ತಿರವೇ ಬಂದು ಬ್ರೆಡ್ಡು, ಐಸು, ಮೀನು ಮಾರುವವರ ಹತ್ತಿರ ಒಂದು ಪೈಸೆಯೂ ಮೋಸ ಹೋಗಲಿಲ್ಲ. ಮೂರಿಂಗ್ ಬೇಕೇ ಬೇಕೆಂದರೆ ಹೆಸರು ಬರೆದ ದೋಣಿಯವರ ಹತ್ತಿರವೇ ತಗೊಳ್ಳಿ. ಹಾಗಿದ್ದರೂ ದುಡ್ಡು ಕೊಡುವ ಮುಂಚೆ ಮುಖಕ್ಕೆ ಮಾಸ್ಕ್ ಹಾಕಿ ನೀರಿಗೆ ಹಾರಿ, ಹಗ್ಗವನ್ನು ತಳದವರೆಗೂ ನೋಡಿ. ಇಂಜಿನ್ ಹಿಂದಕ್ಕೆ ಕೊಟ್ಟು ಜೋರಾಗಿ ಎಳೆದೂ ನೋಡಿ. ನನ್ನ ಕೇಳಿದರೆ ಪ್ರಿನ್ಸೆಸ್ ಮಾರ್ಗರೆಟ್ ಬೀಚಿನ ಎದುರು ಮರಳಿನ ಜಾಗ ಹುಡುಕಿ ಸ್ವಂತ ಲಂಗರು ಹಾಕುವುದೇ ವಾಸಿ. ಆಳದ ಐದು ಪಟ್ಟು ಸರಪಳಿ ಬಿಡಿ. ಫೋನಿನಲ್ಲಿ ಲಂಗರಿನ ಅಲಾರಂ ಇಟ್ಟುಕೊಳ್ಳಿ, ದೋಣಿ ಜಾಗ ಬಿಟ್ಟು ಸರಿದರೆ ಕೂಗುತ್ತದೆ. ನಾನು ಸುಮ್ನೆ ಸೋಮಾರಿತನಕ್ಕೆ ಇಟ್ಟಿರಲಿಲ್ಲ.

ಎರಡನೇ ರಾತ್ರಿ ಹಾಗೇ ಲಂಗರು ಹಾಕಿದೆವು. ಸಂಜೆ ನೋಡಿದರೆ ಅದೇ ಜಾಗದಲ್ಲಿ ಮತ್ತೊಂದು ತೇಲುಗುಂಡು, ಮತ್ತದೇ ನೀಲಿ ಹಗ್ಗ. ಮಕ್ಕಳಿದ್ದ ಒಂದು ದೋಣಿ ಅದಕ್ಕೆ ಕಟ್ಟಿಕೊಳ್ಳುತ್ತಿತ್ತು. ಹರಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಡಿಂಗಿಯಲ್ಲಿ ಹೋದೆ. ಅವರು ಆಗಲೇ ದುಡ್ಡು ಕೊಟ್ಟಾಗಿತ್ತು. ಆ ತಾಯಿ ತುಂಡನ್ನು ಒಮ್ಮೆ ನೋಡಿದಳು, ಮಾತಾಡದೆ ಮಾಸ್ಕ್ ಹಾಕಿಕೊಂಡು ನೀರಿಗೆ ಹಾರಿದಳು.